ಎರಡನೇ ಸೈನ್

“ಇಕಿ ನನ್ನ ಸೊಸಿ ಹೌದೋ ಅಲ್ಲೋ, ಅಷ್ಟ ಹೇಳ್ರಿ ಮೇಡಂ” ಎಂದಳು ಶಿವವ್ವ. ಕುರ್ಚಿ ತೋರಿಸಿದರೂ ಕೂತಿರಲಿಲ್ಲ. ಅವಳ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದವಳು ಸೊಸೆ ಅಂಬಿಕಾ. ಅತ್ತೆ ಸೊಸೆ ಇಬ್ಬರೂ ಆ ದಿನದ ಕೂಲಿ ಬಿಟ್ಟು, ಕುಂಕಳ್ಳಿಯಿಂದ ಬಸ್ಸು ಹಿಡಿದು, ಮಡಗಾಂವಿನ ಈ ಮನೆ ಹುಡುಕಿಕೊಂಡು ಬಂದಿದ್ದರು.

ಮನೆ ಪ್ರೊಫೆಸರ್ ಶ್ವೇತಾ ಕಟಗೇರಿಯದು. ಕಾಲೇಜಿನಲ್ಲಿ ಕಾನೂನು ಕಲಿಸುವವಳು. ಕೋರ್ಟು, ಕಾಯ್ದೆಯ ಸುದ್ದಿ ಏನೇ ಬರಲಿ, ಗೋವಾಕ್ಕೆ ದುಡಿಯಲು ಬಂದ ನಮ್ಮ ಜನಕ್ಕೂ ತಿಳಿಯಲಿ ಎಂದು ತನ್ನ ಬ್ಲಾಗಿನಲ್ಲಿ ಕನ್ನಡದಲ್ಲೇ ಬರೆಯುವಳು. ದೇಶಕ್ಕೆಲ್ಲ ಒಂದೇ ಮದುವೆ ಕಾಯ್ದೆ ಬೇಕು, ಗೋವಾ ನೋಡಿ ಕಲಿಯಿರಿ ಎಂದು ಟಿವಿಯವರು ಗಂಟಲು ಹರಿದುಕೊಳ್ಳುತ್ತಿದ್ದಾಗ ಅವಳಿಗೆ ಮೈ ಉರಿದಿತ್ತು. ‘ಗೋವಾದಲ್ಲಿ ಮದುವೆಗೆ ಕಚೇರಿಯಲ್ಲಿ ಎರಡು ಸಲ ಸೈನ್ ಮಾಡಬೇಕು. ಮೊದಲನೆಯದು, ಮದುವೆಯಾಗುತ್ತೇವೆ ಎಂಬ ಮಾತು ಅಷ್ಟೇ. ಎರಡನೆಯದು ಆಗುವ ತನಕ ನೀವು ಹೆಂಡತಿಯಲ್ಲ. ಅಕ್ಕತಂಗಿಯರೇ, ಮೋಸ ಹೋಗಬೇಡಿ’ ಎಂದು ಬರೆದಳು. ಅದು ಕುಂಕಳ್ಳಿಯಿಂದ ವಾಳಪೈವರೆಗೆ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡಿದ್ದಳು, ಪಾಪ.

“ಎರಡನೇ ಸೈನ್ ಯಾಕ ಮಾಡ್ಲಿಲ್ಲ ತಂಗಿ?” ಎಂದು ಶ್ವೇತಾ, ಸಂಗತಿ ಊಹಿಸಿ, ಅಂಬಿಕಾಳನ್ನೇ ಕೇಳಿದಳು.

ಅಂಬಿಕಾ ಅತ್ತೆಯ ಮುಖ ನೋಡಿದಳು. ಬಾಯಿಬಿಟ್ಟವಳು ಶಿವವ್ವ. “ನಾನ ಬ್ಯಾಡ ಅಂದ್ನಿರಿ. ಸೈನ್ ಮಾಡಿ ಪೇಡೆ ಹಂಚಿದ್ವಿ. ಇಲ್ಲೇ ಗುಡ್ಯಾಗ ತಾಳಿ ಕಟ್ಟಿಸಿ ಮನಿ ತುಂಬಿಸಿಕೊಂಡ್ವಿ. ಎಲ್ಲಾ ಆದ ಮ್ಯಾಲ ಮತ್ತೊಮ್ಮೆ ಬರ್ರಿ ಅಂದ್ರ ಹೆಂಗ್ರಿ? ನಮ್ಮಾಗ ಎರಡನೇ ಸಲ ಅಂದ್ರ ಉಡಕಿ, ಗಂಡ ಸತ್ತಾಕಿಗೆ ಮಾಡೋದು. ಹೊಸಾ ಮದಿಮಗಳಿಗೆ ಆ ಅಪಶಕುನ ಯಾಕ ಅಂತ ನಾನ ತಡದೆ. ನನ್ನ ಕೈಯಾರೆ ಇಕಿ ಬಾಳೇವು ಕೆಡಿಸಿದ್ನಿರಿ.” ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗ ಮಗ ಎಲ್ಲಿದ್ದಾನ?”

“ಸಾಂಗೆ ಊರಾಗ, ಬ್ಯಾರೆ ಒಬ್ಬಾಕಿ ಜೋಡಿ” ಎಂದಳು ಅಂಬಿಕಾ. “ಮೊದಲ ಎಷ್ಟ ಜಗಳಾಡಿದ್ರೂ ಸಂಜಿಗೆ ಮನಿಗೆ ಬರತಿದ್ರು. ಆಕೀ ಜೋಡಿ ಏನರ ಇದ್ರೂ ಹೆದರತಿದ್ರು. ನೀವು ಬರದದ್ದು ಓದಿದ ಮ್ಯಾಲ ಹೆದರಿಕಿ ಹೋತು. ನೀ ನನ್ನ ಹೆಂಡ್ತೀನ ಅಲ್ಲ, ಕಾಯ್ದೆ ಹೇಳೈತಿ ಅಂದು ಅರಿವಿ ಕಟ್ಟಿಕೊಂಡು ಹ್ವಾದ್ರು. ಆಕೀ ಜೋಡಿ ಸೈನ್ ಮಾಡಾಕ ಅರ್ಜಿ ಹಾಕ್ಯಾರಂತ.”

ಕಲಿಸಿ ಕಲಿಸಿ ರೂಢಿಯಾದ ಶ್ವೇತಾಳ ನಾಲಿಗೆ ಸುಮ್ಮನಿರಬೇಕಲ್ಲ. “ಕೋರ್ಟಿನ್ಯಾಗ ಬ್ಯಾರೆ ದಾರಿ ಐತಿ ತಂಗಿ. ಮದಿವಿ ಆಗದ ಕೂಡಿ ಇದ್ದಾಕಿಗೂ ಕಾಯ್ದೆದಾಗ ರಕ್ಷಣೆ ಐತಿ” ಎಂದುಬಿಟ್ಟಳು. ಅಂಬಿಕಾಳ ಕೈ ತಾಳಿಗೆ ಹೋಯಿತು.

“ನಾನು ಕೂಡಿ ಇದ್ದಾಕಿ ಅಲ್ರಿ. ಮದಿವಿ ಆದಾಕಿ. ನಂಗ ಕೇಸ್ ಬ್ಯಾಡ, ಅವರು ಬೇಕು. ಬರದದ್ದನ್ನ ಅಳಸಿಬಿಡ್ರಿ.”

“ಅಳಸಿದ್ರ ನಾಳಿಗೆ ಇನ್ನೊಬ್ಬಾಕಿ ಮೋಸ ಹೋಗ್ತಾಳವ್ವಾ. ಅದರಾಗ ಸುಳ್ಳು ಏನೂ ಇಲ್ಲ.”

“ಸುಳ್ಳು ಅಂತ ನಾವೂ ಅನ್ನಂಗಿಲ್ರಿ” ಎಂದಳು ಶಿವವ್ವ. “ಹೆಣ್ಣಮಕ್ಕಳ ಸಲುವಾಗಿ ಬರದ್ರಿ, ಚಲೋ ಆತು. ಗಂಡಸರೂ ಓದ್ತಾರ ಅನ್ನೋದು ಹೊಳೀಲಿಲ್ಲೇನು?”

ಶ್ವೇತಾಳಿಗೆ ತುಸು ಸಿಟ್ಟೇ ಬಂತು. “ಬಿಟ್ಟು ಹೋಗು ಅಂತ ನಾ ಎಲ್ಲಿ ಬರದೇನಿ? ತೋರಸ್ತೇನಿ ತಡೀರಿ” ಎಂದು ಮೊಬೈಲ್ ತೆಗೆದಳು. ಬರಹದ ಕೆಳಗೆ ಓದುಗರ ಪ್ರಶ್ನೆಗಳಿದ್ದವು. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಒಂದನ್ನೂ ಬಿಡದೆ ಉತ್ತರ ಕೊಡುವುದು, ಉಪಕಾರ ನೆನೆದವರಿಗೆ ಒಂದು ಹಾರ್ಟ್ ಒತ್ತುವುದು ಅವಳ ಶಿಸ್ತು. ಇಳಿಯುತ್ತಿದ್ದ ಬೆರಳು ನಡುವೆ ನಿಂತಿತು.

“ನಿಮ್ಮ ಮಗನ ಹೆಸರೇನ್ರಿ?” ಎಂದು ಕೇಳಿದಳು.

“ಯಮನೂರ” ಎಂದಳು ಶಿವವ್ವ.

ಯಮನೂರ, ಕುಂಕಳ್ಳಿ ಎಂದೇ ಅಲ್ಲಿತ್ತು. ಬೇರೆ ಹೆಸರಿನ ಹಿಂದೆ ಅಡಗುವ ಬುದ್ಧಿಯೂ ಅವನಿಗಿರಲಿಲ್ಲ. ಅವನು ಕೇಳಿದ್ದ, ಅವಳು ಉತ್ತರ ಕೊಟ್ಟಿದ್ದಳು. ಪ್ರಶ್ನೆ ಚೊಕ್ಕವಾಗಿತ್ತು, ಉತ್ತರವೂ ಚೊಕ್ಕವಾಗಿತ್ತು. ಕೇಳಿದವನು ಯಾರನ್ನು ಬಿಟ್ಟು ಹೋಗಲು ಕೇಳುತ್ತಿದ್ದಾನೆ ಎಂಬುದು ಆ ಬೆಳಿಗ್ಗೆ ಅವಳ ತಲೆಗೆ ಬಂದಿರಲಿಲ್ಲ. ಈಗ ಮೊಬೈಲ್ ಮುಚ್ಚಿ, ನೆಟ್ ಇಲ್ಲ ಎಂದುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅಂಬಿಕಾಳ ಕೈಗೇ ಕೊಟ್ಟಳು.

ಅಂಬಿಕಾ ಬೆರಳಿಟ್ಟು, ಅಕ್ಷರ ಕೂಡಿಸಿ, ಅತ್ತೆಗೂ ಕೇಳುವ ಹಾಗೆ ಓದಿದಳು. ಗಂಡನ ಹೆಸರನ್ನು ಮಾತ್ರ ಬಾಯಿಂದ ಆಡದೆ ದಾಟಿದಳು. “ಮೇಡಂ, ಮೊದಲನೇ ಸೈನ್ ಅಷ್ಟೇ ಆಗಿದೆ. ಬೇರೆ ಹುಡುಗಿಯನ್ನು ಮದುವೆ ಆಗಬಹುದೇ?... ಆಗಬಹುದು. ಕಾನೂನಿನ ಪ್ರಕಾರ ನೀವು ಇನ್ನೂ ಮದುವೆಯಾಗದವರು... ಭಾಳ ಉಪಕಾರ ಆತ್ರಿ ಮೇಡಂ.”

ಶಿವವ್ವ ಅಲ್ಲೇ ನೆಲದ ಮೇಲೆ ಕೂತಳು. ಅಂಬಿಕಾ ಅಳಲಿಲ್ಲ. ಗಂಡ ಬರೆದ ಕೊನೆಯ ಸಾಲಿನ ಹತ್ತಿರ ಬೆರಳು ಒಯ್ದು, ಮೊಬೈಲನ್ನು ಶ್ವೇತಾಳ ಕಡೆ ತಿರುಗಿಸಿದಳು.

“ಇಲ್ಲಿ ಈ ಕೆಂಪ ಹಾರ್ಟ್ ಯಾರು ಹಾಕ್ಯಾರ್ರಿ?”