ಹೆದರಿಸುವ ಬೆಳಕು

"ಇದೇನಪ್ಪಾ, ಫೋಟೋ ತೆಗೀತೀರೋ ಇಂಜೆಕ್ಷನ್ ಕೊಡ್ತೀರೋ?" ಎಂದರು ಹೆಡ್‌ಮೇಡಂ, ತಮ್ಮ ಪಕ್ಕದಲ್ಲಿ ತೂಗುಹಾಕಿದ್ದ ಬಿಳಿ ಬೆಡ್‌ಶೀಟನ್ನು ಬೆರಳ ತುದಿಯಲ್ಲಿ ಸರಿಸಿ ನೋಡುತ್ತಾ.

ಫೋಟೋಗ್ರಾಫರ್ ಹಲ್ಲು ಕಿರಿದ. ಬೇರೇನು ಮಾಡಿಯಾನು? ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವನ ಹೊಸ ಸ್ಟುಡಿಯೋ, ಇವರೇ ಮೊದಲ ಗಿರಾಕಿ. ಇವರಿಗೆ ಫೋಟೋ ಒಪ್ಪಿಗೆಯಾದರೆ ಶಾಲೆಯ ಅಷ್ಟೂ ತರಗತಿಗಳ ಫೋಟೋ ಕೆಲಸ ಅವನದು. ಒಪ್ಪಿಗೆಯಾಗದಿದ್ದರೆ ಕೋಣೆಗೆ ಮತ್ತೆ ಸೋಫಾ ವಾಪಸ್ಸು ಬರುತ್ತದೆ ಎಂದು ಹೆಂಡತಿ ಆಗಲೇ ತೀರ್ಪು ಕೊಟ್ಟಾಗಿತ್ತು.

ಇಷ್ಟು ವರ್ಷ ಅವನು ತೆಗೆದದ್ದೆಲ್ಲ ಕುಕ್ಕರು, ನಲ್ಲಿ, ಬಾಗಿಲ ಚಿಲಕಗಳ ಫೋಟೋ, ಕಂಪನಿಗಳ ಕ್ಯಾಟಲಾಗಿಗೆ. ಮನುಷ್ಯರ ಮುಖಕ್ಕೆ ಬೇರೆ ಲೈಟು ಬೇಕೆಂದು ಅಂಗಡಿಗೆ ಹೋದರೆ, ಅಂಗಡಿಯವನು ಛತ್ರಿಯಂಥದ್ದು, ಪೆಟ್ಟಿಗೆಯಂಥದ್ದು, ಬಳೆಯಂಥದ್ದು ಎಂದು ಸಾಲಾಗಿ ಹೊತ್ತಿಸಿ ತೋರಿಸಿ ಕಣ್ಣು ಕುಕ್ಕಿಸಿದ್ದ. ಜೇಬಿಗೆ ಎಟುಕಿದ್ದು ಸ್ಟ್ಯಾಂಡಿನ ಮೇಲೆ ನಿಲ್ಲುವ ಒಂದು ಬೋಳು ದೀಪ ಮಾತ್ರ. ಉಳಿದದ್ದನ್ನು ಮನೆಯೇ ಒದಗಿಸಿತು. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಬೆಡ್‌ಶೀಟು ಹೊದಿಸಿ ದೀಪದ ಬೆಳಕನ್ನು ಸೋಸಿದ. ಫ್ರಿಜ್ ಬಂದಿದ್ದ ರಟ್ಟಿಗೆ ಅಡುಗೆಮನೆಯ ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಹಾಳೆ ಸುತ್ತಿ, ಇನ್ನೊಂದು ಕೆನ್ನೆಯ ನೆರಳು ಹೋಗಲಾಡಿಸಲು ಹೆಂಡತಿಯ ಕೈಗೆ ಕೊಟ್ಟು ನಿಲ್ಲಿಸಿದ. ಕುಕ್ಕರಿನ ಮೇಲೆ ಒಂದೇ ಒಂದು ನೆರಳೂ ಬೀಳದಂತೆ ನೋಡಿಕೊಳ್ಳುವುದರಲ್ಲಿ ಅವನದು ಪಳಗಿದ ಕೈ. ಮುಖವೂ ಅಷ್ಟೇ ತಾನೇ ಎಂದುಕೊಂಡಿದ್ದ.

"ಸ್ವಲ್ಪ ನಗಿ ಮೇಡಂ."

"ಯಾಕೆ?"

ಅವನು ಬಟನ್ ಒತ್ತಿಬಿಟ್ಟ. ಕ್ಯಾಮರಾದ ಪರದೆ ನೋಡಿ ಅವನಿಗೇ ನಂಬಲಾಗಲಿಲ್ಲ. ಹಣೆಯ ಗೆರೆಗಳು ಮಾಯ, ಗಂಟಿಕ್ಕಿದ ಹುಬ್ಬು ಸಡಿಲ. ಬೆಳಕು ಮುಖವನ್ನೆಲ್ಲ ಮೆಲ್ಲಗೆ ಸವರಿ, ಮೊಮ್ಮಕ್ಕಳಿಗೆ ಕಥೆ ಹೇಳಲು ಕೂತ ಅಜ್ಜಿಯೊಬ್ಬರನ್ನು ಅಲ್ಲಿ ಕೂರಿಸಿತ್ತು. ಖುಷಿ ತಡೆಯಲಾರದೆ ಓಡಿಹೋಗಿ ತೋರಿಸಿದ.

ಹೆಡ್‌ಮೇಡಂ ಮುಖ ಕಿವುಚಿದರು. "ಇದ್ಯಾರು?"

"ನೀವೇ ಮೇಡಂ."

"ನಾನಲ್ಲ. ಇವಳನ್ನ ನೋಡಿದ್ರೆ ಮಕ್ಕಳು ಚಾಕ್ಲೇಟ್ ಕೇಳ್ತವೆ."

"ಎಷ್ಟು ಚೆನ್ನಾಗಿ ಬಂದಿದೆಯಲ್ಲ ಮೇಡಂ," ಎಂದಳು ಹೆಂಡತಿ, ರಟ್ಟಿನ ಹಿಂದಿನಿಂದ ಕತ್ತು ಚಾಚಿ.

"ಚೆನ್ನಾಗಿ ಬಂದಿರೋದೇ ತೊಂದ್ರೆ ಕಣಮ್ಮ. ಈ ತಿಂಗಳು ನಾನು ರಿಟೈರು. ಫೋಟೋ ಹಾಕೋದು ಶಾಲೆಯ ಮೆಟ್ಟಿಲ ತಿರುವಿನಲ್ಲಿ. ಅಲ್ಲಿ ನಾನು ನಿಂತಿರೋವರೆಗೂ ಒಂದು ಮಗೂನೂ ಓಡಿ ಬಿದ್ದಿಲ್ಲ. ಇನ್ಮೇಲೆ ಯಾರು ನಿಲ್ತಾರೆ? ಹೊಸದಾಗಿ ಬರ್ತಿರೋ ಹೆಡ್‌ಮಾಸ್ಟರು ಪಾಪ, ಬೆಣ್ಣೆಯಂಥ ಮನುಷ್ಯ. ಈ ಫೋಟೋನೇ ನಿಂತು ಹೆದರಿಸಬೇಕು." ಅವರು ಎದ್ದುನಿಂತರು. "ನಿಮ್ಮ ಕೈಲಾಗುತ್ತೋ, ಬೇರೆ ಸ್ಟುಡಿಯೋ ನೋಡ್ಕೊಳ್ಳಲೋ?"

ಫೋಟೋಗ್ರಾಫರ್ ದೀಪದ ಕಡೆ ತಿರುಗಿದ. ಕುಕ್ಕರುಗಳು ಯಾವತ್ತೂ ಹೀಗೆ ಕೇಳಿದ್ದಿಲ್ಲ. ಸೋಫಾ ಆಗಲೇ ಬಾಗಿಲವರೆಗೆ ಬಂದು ನಿಂತ ಹಾಗೆ ಅವನಿಗೆ ಅನ್ನಿಸಿತು.

"ಆ ಬೆಡ್‌ಶೀಟ್ ತೆಗಿ," ಎಂದ ಹೆಂಡತಿಗೆ.

"ಬೆಳಿಗ್ಗೆ ಕೂತು ಇಸ್ತ್ರಿ ಮಾಡಿಸ್ಕೊಂಡ್ರಲ್ಲಾ!"

"ತೆಗೀ ಅಂದ್ನಲ್ಲ. ರಟ್ಟೂ ಬೇಡ. ಮಳೆಗಾಲದ ಕರೀ ಛತ್ರಿ ಎಲ್ಲಿದೆ?"

ಬೋಳು ದೀಪವನ್ನು ಮೇಡಂ ತಲೆಗಿಂತ ಎತ್ತರಕ್ಕೇರಿಸಿ ಒಂದು ಪಕ್ಕಕ್ಕೆ ಎಳೆದ. ಇನ್ನೊಂದು ಪಕ್ಕದಲ್ಲಿ ಹೆಂಡತಿ ಛತ್ರಿ ಬಿಚ್ಚಿ ಹಿಡಿದಳು, ಆ ಕೆನ್ನೆಗೆ ಗೋಡೆಯಿಂದ ಒಂದು ಚೂರು ಬೆಳಕೂ ಮರಳಿ ಬೀಳದಂತೆ. ಮನೆಯೊಳಗೆ ಛತ್ರಿ ಬಿಚ್ಚಿ ನಿಂತವಳ ಮುಖದಲ್ಲಿ, ಇವನಿಗೆ ತಲೆ ಕೆಟ್ಟಿದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆದರೆ ಬೆಳಕು ಮಾತು ಕೇಳಿತು. ಹುಬ್ಬುಗಳ ಕೆಳಗೆ ಕತ್ತಲೆ ಇಳಿಯಿತು, ಮೂಗಿನ ನೆರಳು ಕೆನ್ನೆಯ ಮೇಲೆ ಬೆತ್ತದ ಹಾಗೆ ಬಿತ್ತು, ಸುಕ್ಕುಗಳೆಲ್ಲ ಒಂದೊಂದಾಗಿ ಎದ್ದುನಿಂತು ಹಾಜರಿ ಹೇಳಿದವು.

"ಮೇಡಂ, ಮೆಟ್ಟಿಲ ಮೇಲೆ ಯಾರೋ ಓಡ್ತಿದ್ದಾರೆ," ಎಂದ.

ಹೆಡ್‌ಮೇಡಂ ಕಣ್ಣೆತ್ತಿ ನೋಡಿದರು. ಅವನು ಬಟನ್ ಒತ್ತಿದ. ಛತ್ರಿ ಹಿಡಿದಿದ್ದ ಹೆಂಡತಿ ತನಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಹಾಂ! ಇದು ನಾನು," ಎಂದರು ಮೇಡಂ ಪರದೆ ನೋಡಿ, ತೃಪ್ತಿಯಿಂದ. "ಸೋಮವಾರ ಶಾಲೆಗೆ ಬನ್ನಿ. ಕ್ಲಾಸ್ ಫೋಟೋಗಳು ನಿಮಗೇ. ಹೊಸಬರಿಗೆ ನಾನು ಹೇಳ್ತೀನಿ, ಅವರು ಇಲ್ಲ ಅನ್ನೋ ಜಾತಿ ಅಲ್ಲ."

ಫೋಟೋಗ್ರಾಫರನಿಗೆ ಹೋದ ಜೀವ ಬಂದಂತಾಯಿತು. ಮೇಡಂ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಆ ಮೊದಲನೇ ಫೋಟೋ ಅಳಿಸಿಬಿಡಿ. ನನ್ನೆದುರಿಗೇ. ಮಕ್ಕಳ ಕಣ್ಣಿಗೇನಾದ್ರೂ ಬಿದ್ರೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ನೀರುಪಾಲು."

"ಈಗ್ಲೇ ಅಳಿಸ್ತೀನಿ ಮೇಡಂ." ಅವನು ಆ ಚಿತ್ರವನ್ನು ಪರದೆಗೆ ತಂದು ಬಟನ್ ಮೇಲೆ ಹೆಬ್ಬೆರಳಿಟ್ಟ.

"ತಡೀರಿ." ಅವರು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಹತ್ತಿರ ಬಂದರು. "ಒಂದ್ಸಲ ತೋರಿಸಿ, ಆಮೇಲೆ ಅಳಿಸಿ."

ತೋರಿಸಿದ. ನೋಡಿದರು. ಬೀದಿಯಲ್ಲಿ ಒಂದು ಗಾಡಿ ಬಂದು, ನಿಂತು, ಮುಂದೆ ಹೋಯಿತು.

"ಸರಿ, ಅಳಿಸಿ."

ಅವನು ಹೆಬ್ಬೆರಳು ಒತ್ತಲು ಹೋದ.

"ಇನ್ನೊಂದ್ಸಲ," ಎಂದರು ಹೆಡ್‌ಮೇಡಂ.