ಅಳಿಯನ ಕಾರಿಗೆ ಹಾಕಿದ್ದು

ವಾರವೆಲ್ಲ ಹಲ್ಲು ಕೀಳುವ ನಾನು ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಕಾರ್ ರೇಸಿಗೆ ಇಳಿಯುತ್ತೇನೆ. ಬಾಯಿ ತೆರೆದವರನ್ನೆಲ್ಲ ಅನುಮಾನದಿಂದ ನೋಡುವುದೇ ನನ್ನ ಕಸುಬು.

ಗ್ಯಾರೇಜಿನ ಮೇಸ್ತ್ರಿ ನನ್ನ ಕಾರಿನ ಬಾನೆಟ್ ಅದುಮಿ ನೋಡಿದರು. "ಡಾಕ್ಟ್ರೇ, ಶಾಕ್ ಅಬ್ಸಾರ್ಬರ್ ಮೆತ್ತಗಿರೋದೇ ಹಾಕ್ಸಿ. ಆ ಟ್ರ್ಯಾಕ್ ತುಂಬ ಗುಂಡಿ. ಗಟ್ಟಿದು ಹಾಕಿದ್ರೆ ಗಾಡಿ ಕುಪ್ಪಳಿಸುತ್ತೆ."

ಟ್ರ್ಯಾಕಿನಲ್ಲಿ ನನ್ನ ಎದುರಾಳಿ ಇವರ ಅಳಿಯನೇ.

"ನಿಮ್ಮ ಅಳಿಯಂದ್ರಿಗೆ ಯಾವುದು ಹಾಕಿದ್ರಿ?" ಎಂದೆ.

ಮೇಸ್ತ್ರಿ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಅದ್ಯಾಕೆ, ಬಿಡಿ."

"ಹೇಳಿ ಮೇಸ್ತ್ರಿ."

"ಗಟ್ಟಿದು," ಎಂದರು ಮೆಲ್ಲಗೆ.

ಕಳ್ಳ ಸಿಕ್ಕಿಬಿದ್ದ. "ನನಗೂ ಅದನ್ನೇ ಹಾಕಿ."

"ಬೇಡ ಡಾಕ್ಟ್ರೇ. ಆಣೆ ಮಾಡಿ ಹೇಳ್ತೀನಿ, ಮೆತ್ತಗಿರೋದೇ ಸರಿ."

"ಹಾಕಿ ಅಂದೆ!"

ಹಾಕಿದರು.

ಭಾನುವಾರ ನನ್ನ ಕಾರು ಮೊದಲ ಸುತ್ತಿನಲ್ಲೇ ಕಪ್ಪೆಯಂತೆ ಕುಪ್ಪಳಿಸಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿತು. ಅಳಿಯನ ಕಾರು ಅದೇ ಗುಂಡಿಗಳ ಮೇಲೆ ತೊಟ್ಟಿಲಿನಂತೆ ತೂಗುತ್ತ ಹೋಗಿ ಗೆದ್ದಿತು. ಓಡಿಹೋಗಿ ಅದರ ಬಾನೆಟ್ ಅದುಮಿದೆ. ಮೆತ್ತಗಿತ್ತು.

ಮೇಸ್ತ್ರಿ ಅಲ್ಲೇ ನಿಂತಿದ್ದರು. "ಸುಳ್ಳು ಹೇಳಿದ್ರಲ್ಲ!" ಎಂದು ಕೂಗಿದೆ.

"ಒಂದೇ ಒಂದು ಹೇಳ್ದೆ ಡಾಕ್ಟ್ರೇ. ನೀವು ನಂಬಿದ್ದೂ ಅದೊಂದನ್ನೇ."