ಕಲ್ಲಿನ ಮೇಲಿನ ಮಾತು

ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದುಹೋದ. ಅವನ ಹಿಂದೆಯೇ ಸ್ಮಾರಕ ಸಮಿತಿಯ ಅಧ್ಯಕ್ಷರು ಬಂದರು.

“ನಿನ್ನ ಗಂಡ ಬಿರುಗಾಳಿಗೂ ಹೆದರಿದವನಲ್ಲ, ಕಡಲ್ಗಳ್ಳರಿಗೂ ಹೆದರಿದವನಲ್ಲ. ‘ಯಾವುದಕ್ಕೂ ಅಂಜದ ನೌಕಾಧಿಕಾರಿ’ ಅಂತ ಕಲ್ಲಲ್ಲಿ ಕೆತ್ತಿಸ್ತೇವೆ, ತಂಗಿ.”

“ಬೇಡ ಸಾರ್, ಬರೀ ಹೆಸರು ಸಾಕು.”

“ಛೇ, ನೌಕಾಪಡೆಯವನ ಹೆಂಡ್ತಿಗೆ ಇಷ್ಟು ಸಂಕೋಚವಾ? ಕೆತ್ತೋದಕ್ಕೆ ಆಗ್ಲೇ ಕೊಟ್ಟಾಯ್ತು!”

ರಜೆಗೆ ಬಂದಾಗಲೆಲ್ಲ ನನ್ನ ಗಂಡ ಪಕ್ಕದ ಮನೆಯಿಂದ ಕೇಳಿ ತರುತ್ತಿದ್ದ ಬೆಕ್ಕು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇತ್ತು. ಅಧ್ಯಕ್ಷರು ಹೋದ ಮೇಲೆ ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಫಿಲೊಮಿನಾಬಾಯಿಯ ಕೈಗೆ ಕೊಟ್ಟೆ.

“ಇರ್ಲಿ ಬಿಡು, ಒಬ್ಳೇ ಇದ್ದೀಯಲ್ಲ. ಜೊತೆಗಾಗ್ತದೆ,” ಎಂದರು ಅವರು.

“ಬೇಡ ಬಾಯಿ. ಇಲಿ ಕಂಡ್ರೆ ಮಂಚ ಹತ್ತುವವರು ಮನೇಲಿ ಈಗ ಯಾರೂ ಇಲ್ಲ.”